ಕಪ್ಪೆ ಮತ್ತು ನಾಲ್ಕನೇ ಜ್ವರ

ಊರಿನವರ ಕಾರುಗಳೆಲ್ಲ ಮನೆ ಮುಂದೆ ನಿಲ್ಲುತ್ತವೆ. ಚಿನ್ನರಾಜನ ಕಾರು ಮನೆಯೊಳಗೆ ಮಲಗುತ್ತದೆ. ನಿಂತರೂ ಅದು ಮಲಗಿದಂತೆಯೇ ಕಾಣುವುದು ಬೇರೆ ಮಾತು. ನೆಲಕ್ಕೂ ಅದರ ಹೊಟ್ಟೆಗೂ ನಡುವೆ ಒಂದು ದೋಸೆ ಮಗುಚುವಷ್ಟು ಜಾಗವಿದ್ದರೆ ಹೆಚ್ಚು. ಹಳದಿ ಬಣ್ಣ, ಎರಡೇ ಸೀಟು, ಎಂಜಿನ್ನು ಬೆನ್ನ ಹಿಂದೆ. ಅಗಲ ಬಾಯಿ, ಉಬ್ಬಿದ ಕಣ್ಣು. ಕೊಯಮತ್ತೂರಿನ ಮಿಲ್ಲಿನ ಯಜಮಾನರೊಬ್ಬರು ಓಡಿಸಿ ಬಿಟ್ಟದ್ದನ್ನು ಅವನು ಮನೆಗೆ ತಂದ ದಿನ, ಅವನ ತಾಯಿ ಅಂಜಮ್ಮ ಆರತಿ ತಟ್ಟೆ ಹಿಡಿದು ಹೊರಗೆ ಬಂದವಳು, ತಟ್ಟೆ ಎತ್ತುವುದೋ ತಾನೇ ಬಗ್ಗುವುದೋ ತಿಳಿಯದೆ ನಿಂತು, "ಏನ್ಲಾ ಇದು, ಕಪ್ಪೆ ಇದ್ದಂಗೈತೆ" ಅಂದಳು. ಕಂಪನಿಯವರು ಇಟ್ಟ ಹೆಸರು ಊರಲ್ಲಿ ಯಾರ ನಾಲಿಗೆಯಲ್ಲೂ ಹೊರಳದ್ದರಿಂದ ಅಂಜಮ್ಮನ ಹೆಸರೇ ಉಳಿಯಿತು. ಹೆಸರು ಕೇಳಿ ನಗುವವರು ಅದರ ಜಿಗಿತ ನೋಡಿದವರಲ್ಲ. ಆಕಳಿಸಲು ತೆರೆದ ಬಾಯಿ ಮುಚ್ಚುವುದರೊಳಗೆ ಅದು ನೂರು ಮುಟ್ಟಿರುತ್ತದೆ.

ಚಿನ್ನರಾಜ ಬೋರ್‌ವೆಲ್ ಲಾರಿಗಳ ಆಸಾಮಿ. ತಮಿಳುನಾಡಿನ ಪಾಲಕೋಡಿನ ಪಕ್ಕದ, ಕನ್ನಡ ಮಾತಿನ ಈ ಹಳ್ಳಿಯಿಂದ ಹೊರಟ ಅವನ ಲಾರಿಗಳು ಈಗಲೂ ಒಡಿಶಾದ ಕಡೆ ನೆಲ ಕೊರೆಯುತ್ತಿವೆ. ಅರ್ಧ ಆಯಸ್ಸು ತಾನೂ ಅವುಗಳ ಜೊತೆ ಅಲೆದು, ಲಾರಿಯ ಮೇಲೆ ಉಂಡು ಲಾರಿಯ ಕೆಳಗೆ ಮಲಗಿ, ಎತ್ತಿನ ಗಾಡಿಗಿಂತ ಸ್ವಲ್ಪವೇ ಹೆಚ್ಚಿನ ವೇಗದಲ್ಲಿ ಅರ್ಧ ಇಂಡಿಯಾ ಸುತ್ತಿದವನು. ಅಷ್ಟು ನಿಧಾನವನ್ನು ಸಹಿಸಿದವನಿಗೆ ಒಮ್ಮೆ ವೇಗ ಬೇಕೆನಿಸಿದರೆ ತಪ್ಪು ಹೇಳಲಾಗದು. ಲಾರಿಗಳನ್ನು ಭಾವಮೈದುನನ ಕೈಗೆ ಒಪ್ಪಿಸಿ ಊರು ಸೇರಿದ. ಸೇರಿದ ಮೇಲೆ ತಿಳಿದದ್ದು, ಇಂಥ ಕಾರನ್ನು ಓಡಿಸುವುದು ಒಂದು ಪಾಲಾದರೆ ಸಾಕುವುದು ಒಂಬತ್ತು ಪಾಲು ಎಂದು.

ಸಾಕುವ ಕೆಲಸ ಆ ಮನೆಗೆ ಹೊಸದೇನಲ್ಲ. ಅವನ ಹೆಂಡತಿ ಮೇನಕಾ ರೇಷ್ಮೆ ಹುಳು ಸಾಕುವವಳು. ಧರ್ಮಪುರಿಯ ಗೂಡಿನ ಮಾರ್ಕೆಟ್ಟಿನಲ್ಲಿ ನೂಲು ಬಿಚ್ಚುವವರು ಒಳಗೆ ಕಾಲಿಡುತ್ತಲೇ "ಮೇನಕಾಕ್ಕಾ ಗೂಡು ವಂದಾಚ್ಚಾ" ಎಂದು ಕೇಳುತ್ತಾರೆ. ಬಂದಿಲ್ಲವೆಂದರೆ ಹೊರಗೆ ಹೋಗಿ ಟೀ ಕುಡಿಯುತ್ತಾ ಕಾಯುತ್ತಾರೆ. ಕಪ್ಪೆ ಬಂದ ಹೊಸದರಲ್ಲಿ ಇಲಿಗಳು ಅದರ ವೈರಿನ ರುಚಿ ನೋಡಿದವು, ಇರುವೆಗಳು ಸೀಟಿನಡಿ ಸಂಸಾರ ಹೂಡಿದವು. ಇಲಿ, ಇರುವೆ, ಬಿಸಿಲು, ಧೂಳು ಯಾವುದಕ್ಕೂ ಪ್ರವೇಶವಿಲ್ಲದ ಜಾಗ ಊರಲ್ಲಿ ಒಂದೇ, ಹುಳದ ಮನೆ. ಮೇನಕಾ ಆಗಲೇ ದೊಡ್ಡದೊಂದು ಹೊಸ ಹುಳದ ಮನೆ ಕಟ್ಟಿಸಿದ್ದಳು. ಎದುರಿಗಿದ್ದ ಹಳೆಯದನ್ನು ಕಪ್ಪೆಗೆ ಬಿಟ್ಟುಕೊಟ್ಟಳು. ದಪ್ಪ ಮಣ್ಣಿನ ಗೋಡೆ, ಕಿಟಕಿಗೆಲ್ಲ ಬಲೆ, ಇರುವೆ ದಾಟದಂತೆ ಸುತ್ತಲೂ ನೀರು ನಿಲ್ಲುವ ಸಣ್ಣ ಕಾಲುವೆ, ಗೋಡೆಯ ಮೇಲೆ ಸೆಕೆಯನ್ನೂ ತೇವವನ್ನೂ ಹೇಳುವ ಜೋಡಿ ಥರ್ಮಾಮೀಟರು. ಕೊಯಮತ್ತೂರಿನ ಯಜಮಾನರ ಬಂಗಲೆಯಲ್ಲೂ ಕಪ್ಪೆಗೆ ಈ ವೈಭೋಗ ಇರಲಿಲ್ಲ.

ಅಲ್ಲಿ ಚಿನ್ನರಾಜನ ದಿನಚರಿ ಶುರುವಾಯಿತು. ಓಡದೆ ನಿಂತ ಕಾರಿನ ಬ್ಯಾಟರಿ ಬತ್ತಬಾರದೆಂದು ಸಣ್ಣ ಚಾರ್ಜರಿನಿಂದ ಹನಿಹನಿಯಾಗಿ ಕರೆಂಟು ಬಿಡುತ್ತಿದ್ದ. ಊರವರು ಬಲೆಯಿಂದ ಇಣುಕಿ "ಕಪ್ಪೆಗೆ ಡ್ರಿಪ್ಸ್ ಆಕವ್ರೆ" ಎಂದು ಕೈಮುಗಿದು ಹೋಗುತ್ತಿದ್ದರು. ಟೈರು ಒಂದೇ ಕಡೆ ಚಪ್ಪಟೆಯಾಗಬಾರದೆಂದು ಆಗಾಗ ಗೇಣುದ್ದ ಸರಿಸಿ ಮಗ್ಗಲು ಬದಲಿಸುತ್ತಿದ್ದ. ಸ್ನಾನದ ವಿಷಯ ಮಾತ್ರ ಸ್ವಲ್ಪ ಅವಮಾನದ್ದು. ನಮ್ಮ ಕಡೆಯ ಬೋರಿನ ನೀರು ಒಣಗಿದ ಕೂಡಲೇ ಬಣ್ಣದ ಮೇಲೆ ಸುಣ್ಣದ ಚುಕ್ಕಿ ಇಟ್ಟು ಹೋಗುತ್ತದೆ. ಹೀಗಾಗಿ ಊರೂರಿಗೆ ಬೋರು ಕೊರೆದವನ ಕಾರಿಗೆ ಬೋರಿನ ನೀರೇ ಬೋರು. ಸೂರಿನಿಂದ ಇಳಿದ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದು, ಒಂದು ಬಕೆಟ್ಟಿನಲ್ಲಿ ಸೋಪು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು ಇಟ್ಟುಕೊಂಡು, ನೆತ್ತಿಯಿಂದ ಶುರುಮಾಡಿ ಚಕ್ರದಲ್ಲಿ ಮುಗಿಸುತ್ತಿದ್ದ. ಮೇನಕಾ ತನ್ನ ಹುಳಕ್ಕೆ ಗಾಳಿ ತೇವವಾಗಿರಲೆಂದು ಒದ್ದೆ ಗೋಣಿ ತೂಗಿದರೆ, ಇವನು ತನ್ನ ಕಪ್ಪೆಗೆ ಗಾಳಿ ಒಣಗಿರಲೆಂದು ಇದ್ದಿಲಿನ ಮೂಟೆ ಇಡುತ್ತಿದ್ದ. ಎದುರುಬದುರಾದ ಎರಡು ಮನೆಗಳಲ್ಲಿ ಎರಡು ಹವಾಮಾನ.

"ನನ್ನ ಉಳ ನೂಲು ಕೊಡ್ತವೆ. ನಿಮ್ ಕಪ್ಪೆ ಏನ್ ಕೊಡ್ತೈತೆ" ಎಂದು ಮೇನಕಾ ಒಮ್ಮೆ ಕೇಳಿದ್ದಳು.

"ಗತ್ತು" ಅಂದಿದ್ದ ಚಿನ್ನರಾಜ.

ಆದರೆ ಆ ಗತ್ತಿಗೆ ಒಂದು ಕಡೆ ಕುತ್ತು ಬಂದಿತ್ತು. ಸೇಲಂನಲ್ಲಿ ಇಂಥ ಕಾರಿನವರದೇ ಒಂದು ಸಂಘ. ಕೆಲವು ಭಾನುವಾರ ಬೆಳಿಗ್ಗೆ ಎಲ್ಲರೂ ಓಮಲೂರಿನ ಹೈವೇ ಹೋಟೆಲಿನಲ್ಲಿ ಸೇರಿ, ಸಾಲಾಗಿ ಏರ್ಕಾಡಿನ ಘಟ್ಟ ಹತ್ತುತ್ತಾರೆ. ಚಿನ್ನರಾಜ ಒಮ್ಮೆ ಕಪ್ಪೆಯನ್ನು ಮಿಂಚುವಂತೆ ತಿಕ್ಕಿ, ಬಿಳಿ ಪಂಚೆ ಉಟ್ಟು ಅಲ್ಲಿಗೆ ಹೋಗಿದ್ದ. ಕಾರಿನ ಸುತ್ತ ಜನ ಸೇರಿದರು, ಹೊಗಳಿದರು, ಫೋಟೋ ಹಿಡಿದರು. ಆಮೇಲೆ ಕಪ್ಪು ಕನ್ನಡಕದವನೊಬ್ಬ ಅವನ ಭುಜ ತಟ್ಟಿ, "ಓನರ್ ಇನ್ನುಂ ವರಲೆಯಾ ಅಣ್ಣಾ" ಎಂದು ಕೇಳಿದ. ಓನರ್ ಇನ್ನೂ ಬಂದಿಲ್ಲವೇ ಎಂದು, ಪಂಚೆಯುಟ್ಟವನನ್ನು ಡ್ರೈವರ್ ಎಂದೇ ತಿಳಿದು. ಅಷ್ಟೇ. ಚಿನ್ನರಾಜ ಟೀ ಲೋಟ ಇಟ್ಟು, ಏರ್ಕಾಡಿನ ದಾರಿ ಬಿಟ್ಟು ಊರಿನ ದಾರಿ ಹಿಡಿದ. ಒಡಿಶಾದ ಬಂಡೆಗಳನ್ನೆಲ್ಲ ಕೊರೆದವನನ್ನು ಆ ಒಂದು ಮಾತು ಕೊರೆಯತೊಡಗಿತು.

ಅಂದಿನಿಂದ ಅವನಿಗೆ ಒಂದೇ ಆಸೆ: ಆ ಸಂಘಕ್ಕೆ ಸೇರಬೇಕು, ಅವರ ಸಾಲಿನಲ್ಲಿ ತಾನೂ ಘಟ್ಟ ಹತ್ತಬೇಕು. ಫೋನು ಮಾಡಿ ವಿಚಾರಿಸಿದ. ಸಂಘದ ಮುಖ್ಯಸ್ಥ ಕೃಷ್ಣಪ್ರಸಾದ್. ಸಬ್ಬಕ್ಕಿ ಕಾರ್ಖಾನೆಯವರು, ಸೇಲಂನ ಹಳೆಯ ನೇಕಾರ ಮನೆತನ. ಮನೆಯಲ್ಲಿ ಕನ್ನಡ, ಕಾರ್ಖಾನೆಯಲ್ಲಿ ತಮಿಳು, ಕಾರಿನಲ್ಲಿ ಇಂಗ್ಲಿಷು.

"ನಾವು ವಂಡಿನ ರೋಡಲ್ಲಿ ನೋಡಲ್ಲ ಸಾರ್, ಮನೇಲಿ ನೋಡ್ತೀವಿ" ಅಂದರು ಅವರು. "ರೋಡಲ್ಲಿ ಎಲ್ಲಾ ವಂಡಿನೂ ಅಳಗಾ, ಚೆಂದಾಗೇ ಇರುತ್ತೆ. ಅದು ಹೆಂಗೆ ಮಲಗುತ್ತೆ, ಹೆಂಗೆ ಏಳುತ್ತೆ, ಅದು ಮುಖ್ಯ. ಬೆಳಿಗ್ಗೆ ನಾವು ಬಂದು ಎಂಜಿನ್ ಮುಚ್ಚಳ ಮುಟ್ಟಿದಾಗ ತಣ್ಣಗಿರಬೇಕು. ನಮ್ಮ ಎದುರಿಗೇ ಸ್ಟಾರ್ಟ್ ಮಾಡಬೇಕು. ತಣ್ಣನೆ ಎಂಜಿನ್‌ನ ಮೊದಲ ಕೂಗು ಸುಳ್ಳು ಹೇಳಲ್ಲ. ಅದು ಕೇಳಿದ್ರೇನೇ ಮೆಂಬರ್."

ಭಾನುವಾರ ಬರುವುದೆಂದು ನಿಶ್ಚಯವಾಯಿತು. ಚಿನ್ನರಾಜ ಆ ಭಾನುವಾರವನ್ನು ಆರಿಸಿದ್ದು ಪಂಚಾಂಗ ನೋಡಿ ಅಲ್ಲ, ಹೆಂಡತಿಯ ಹುಳ ನೋಡಿ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತು ಹಳೆ ಚರ್ಮ ಕಳಚುತ್ತದೆ. ಅದಕ್ಕೆ ನಮ್ಮವರು ಜ್ವರ ಅನ್ನುತ್ತಾರೆ. ಜ್ವರದಲ್ಲಿ ಹುಳದ ಹತ್ತಿರ ಸದ್ದು ಕೂಡದು, ಅದುರು ಕೂಡದು. ನಾಲ್ಕನೆಯದೇ ಕೊನೆಯ ಜ್ವರ, ದೊಡ್ಡ ಜ್ವರ. ಅದು ಶುಕ್ರವಾರಕ್ಕೆ ಕೂತು ಶನಿವಾರಕ್ಕೆ ಏಳಬೇಕಿತ್ತು. ಆದರೆ ವಾರವೆಲ್ಲ ಜಿಟಿಜಿಟಿ ಹಿಡಿದು ಹವೆ ತಂಪಾಯಿತು. ಚಳಿಗೆ ಹುಳಗಳೂ ಸರಕಾರಿ ಕಡತದಂತೆ ನಿಧಾನವಾದವು. ಶನಿವಾರ ಸಂಜೆ ಮೇನಕಾ ಸೆರಗಿಗೆ ಕೈ ಒರೆಸುತ್ತಾ ಬಂದು, ಕಪ್ಪೆಯ ಮನೆಯ ಬಲೆ ಬಾಗಿಲಿನ ಹೊರಗೇ ನಿಂತು, "ಇವಾಗ ಕೂತವೆ" ಅಂದಳು.

ಚಿನ್ನರಾಜ ಹಿಡಿದಿದ್ದ ಪಾಲಿಶ್ ಬಟ್ಟೆ ಅಲ್ಲೇ ನಿಂತಿತು.

"ನಾಳೆ ಸೇಲಂನೋರು ಬತ್ತಾರೆ, ಮೇನಕಾ."

"ಬರ್ಲಿ. ಕಾಫಿ ಕೊಡ್ತೀನಿ, ಪಣಿಯಾರ ಸುಡ್ತೀನಿ. ಕಪ್ಪೆ ಮಾತ್ರ ಕೂಗ್‌ಬಾರ್ದು."

"ಅದು ಕೂಗೋದು ಕೇಳಕ್ಕೇ ಅವರು ಬರೋದು."

"ಆಡಿ ತಿಂಗಳಲ್ಲಿ ಕೂಗ್‌ಸಿದ್ರಲ್ಲ" ಅಂದಳು ಮೇನಕಾ, ಅಷ್ಟಕ್ಕೆ ನಿಲ್ಲಿಸಿ ತನ್ನ ಹುಳದ ಮನೆಗೆ ಹೋದಳು.

ಆಡಿಯ, ಅಂದರೆ ಆಷಾಢದ ಬೆಳೆಯಲ್ಲಿ ಜ್ವರದ ಹೊತ್ತಿನಲ್ಲೇ ಭಾವಮೈದುನನಿಗೆ ತೋರಿಸಲೆಂದು ಅವನು ಕಪ್ಪೆಯನ್ನು ಎಬ್ಬಿಸಿದ್ದ. ಹೊಸ ಮನೆಯ ತಗಡು ನಡುಗಿ, ಹುಳ ಸಾಕುವ ಬಿದಿರ ತಟ್ಟಿಗಳ ಮೇಲೆ ಧೂಳು ಉದುರಿತ್ತು. ಅರ್ಧ ಹುಳ ಎದ್ದವು, ಅರ್ಧ ಹುಳ ಏಳಲೋ ಬೇಡವೋ ಎಂದು ಕೂತವು. ಆ ಸಲ ಗೂಡುಗಳೂ ಹಾಗೇ, ಒಂದು ದಪ್ಪ ಒಂದು ಸಣ್ಣ. ಮಾರ್ಕೆಟ್ಟಿನಲ್ಲಿ ನೂಲು ಬಿಚ್ಚುವವರು ಮೇನಕಾಳ ಗೂಡನ್ನು ಕೈಯಲ್ಲಿ ಉರುಳಿಸಿ ನೋಡಿ, ಅಲ್ಲೇ ಇಟ್ಟು ಪಕ್ಕದವರ ರಾಶಿಗೆ ಹೋಗಿದ್ದರು. ಮೇನಕಾ ಗಂಡನಿಗೆ ಬಯ್ಯಲಿಲ್ಲ. ಬಯ್ದಿದ್ದರೆ ಅವತ್ತಿಗೇ ಮುಗಿದುಹೋಗುತ್ತಿತ್ತು.

ಚಿನ್ನರಾಜ ಕೃಷ್ಣಪ್ರಸಾದರಿಗೆ ಫೋನು ಮಾಡಿ, ಮುಂದಿನ ವಾರ ಇಟ್ಟುಕೊಳ್ಳೋಣವೇ ಎಂದ. ಅವರು ಇಂಗ್ಲಿಷಿನಲ್ಲಿ ಕೆಮ್ಮಿದರು. ಎಲ್ಲರೂ ತಯಾರಾಗಿದ್ದಾರೆ, ನಾಳೆ ಇಲ್ಲವೆಂದರೆ ಅಪ್ಪುರಂ ಪಾಕ್ಕಲಾಂ ಎಂದರು. 'ಆಮೇಲೆ ನೋಡೋಣ' ಎನ್ನುವುದರ ಅರ್ಥ ಯಾವ ಭಾಷೆಯಲ್ಲಾದರೂ ಒಂದೇ. "ಬನ್ನಿ ಸಾರ್" ಅಂದುಬಿಟ್ಟ.

ಬೆಳಿಗ್ಗೆ ಅವನು ಕಾಲ್ನಡಿಗೆಯಲ್ಲಿ ಟಾರು ರೋಡಿಗೆ ಹೋಗಿ, ಟವೆಲ್ ಬೀಸಿ ಸೇಲಂನ ಕಾರುಗಳನ್ನೆಲ್ಲ ಹುಣಸೆ ಮರಗಳ ಕೆಳಗೇ ನಿಲ್ಲಿಸಿದ. ಹಿಪ್ಪುನೇರಳೆ ತೋಟದ ನಡುವಿನ ದಾರಿ ತಗ್ಗು ಕಾರಿಗೆ ಆಗದು, ನಡೆದೇ ಬನ್ನಿ ಎಂದ. ಹುಳದ ಸುದ್ದಿ ಎತ್ತಲಿಲ್ಲ. ಹತ್ತು ಜನ ಬೂಟುಗಾಲಲ್ಲಿ ಕೆಸರು ತುಳಿಯುತ್ತಾ ಬಂದರು. ಅಂಗಳದ ಬಾಗಿಲಲ್ಲಿ ಅಂಜಮ್ಮ ಸ್ಟೂಲಿನ ಮೇಲೆ ಕೂತಿದ್ದಳು. ಎದುರಿಗೆ ಬ್ಲೀಚಿಂಗ್ ಪುಡಿ ಕದಡಿದ ಬಿಳಿಯ ನೀರಿನ ಬೋಗುಣಿ, ಪಕ್ಕದಲ್ಲಿ ಸೊಪ್ಪಿನ ಮಂಕರಿ. ಹುಳದ ಮನೆಯ ಸುತ್ತ ಸುಳಿಯುವವರಿಗೆ ಇರುವ ಕಾನೂನು ಕಾರಿನವರಿಗೂ ಅದೇ.

"ಶೂ ಬಿಚ್ಚಿ. ಕಾಲು ಅದ್ದಿ. ಉಂಗ್ರ ವಾಚು ಬೆಲ್ಟು ಮಂಕ್ರಿಗಾಕಿ. ಯಾರೂ ಎತ್ಕಂಡೋಗಲ್ಲ, ನಾ ಕೂತಿವ್ನಿ" ಅಂದಳು. ಆಮೇಲೆ ಒಬ್ಬೊಬ್ಬರನ್ನೂ ಮೂಸಿ ನೋಡಿ ಒಳಗೆ ಬಿಟ್ಟಳು. ಕೃಷ್ಣಪ್ರಸಾದರು ಬಂದಾಗ ಮೂಗು ಹಿಡಿದಳು. "ನೀನು ನಿಂತ್ಕಳಪ್ಪ. ಸೆಂಟು. ಓಗಿ ಕತ್ತು ತೊಳ್ಕಂಡ್ ಬಾ."

ಫ್ರಾನ್ಸಿನಿಂದ ಬಂದ ಸೆಂಟು ಸೀಗೆಪುಡಿಯಲ್ಲಿ ಕೊಚ್ಚಿಹೋಯಿತು. ಓಮಲೂರಿನ ಡಾಕ್ಟರಮ್ಮ ಅರ್ಚನಾ ಮಾತ್ರ ಎಲ್ಲರಿಗಿಂತ ಮೊದಲೇ ಬರಿಗಾಲಾಗಿ, "ನಮ್ಮ ಆಪರೇಷನ್ ಥಿಯೇಟರ್‌ನಲ್ಲೂ ಇಷ್ಟು ಸ್ಟ್ರಿಕ್ಟ್ ಇಲ್ಲ ಪಾಟ್ಟಿ" ಎಂದು ಅಜ್ಜಿಗೆ ಹೇಳಿದಳು. ಅಂಜಮ್ಮನಿಗೆ ಅದು ಹೊಗಳಿಕೆಯೆಂದೇ ಅರ್ಥವಾಯಿತು.

ಕಪ್ಪೆಯ ಮೇಲಿನ ಹೊದಿಕೆ ಸರಿದಾಗ ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು. ಬಲೆಯಿಂದ ಸೋಸಿ ಬಂದ ಬೆಳಕಿನಲ್ಲಿ ಆ ಹಳದಿ, ಗೂಡು ಕಟ್ಟಲು ಆಗ ತಾನೇ ಹಣ್ಣಾದ ಹುಳದ ಹಾಗೆ ಒಳಗಿನಿಂದ ಹೊಳೆಯುತ್ತಿತ್ತು. ಕೃಷ್ಣಪ್ರಸಾದರು ಹಿಂದಿನ ಎಂಜಿನ್ ಮುಚ್ಚಳದ ಮೇಲೆ ಅಂಗೈ ಇಟ್ಟರು, ತಣ್ಣಗಿತ್ತು. ಬೆಳ್ಳನೆಯ ಕರ್ಚೀಫನ್ನು ಚಕ್ರದ ಕಡ್ಡಿಗಳ ಹಿಂದೆ, ಬಾಗಿಲಿನ ರಬ್ಬರಿನ ಸಂದಿಯಲ್ಲಿ, ಯಾರೂ ಒರೆಸದ ಜಾಗಗಳಲ್ಲೆಲ್ಲ ಒರೆಸಿದರು. ಕರ್ಚೀಫು ಹೋದಷ್ಟೇ ಬೆಳ್ಳಗೆ ಹೊರಬಂತು. ಕಪ್ಪು ಕನ್ನಡಕದವನು ಮಂಡಿಯೂರಿ ಟಾರ್ಚು ಹಿಡಿದು ಹೊಟ್ಟೆಯಡಿ ನೋಡಿ, "ಕೀಳೆಯುಂ ಪಾಲಿಶ್ ಪೋಟ್ಟಿರುಕ್ಕಾರ್ಪ್ಪಾ" ಎಂದ. ಕೆಳಗೂ ಪಾಲಿಶ್ ಹಾಕಿದ್ದಾರೆ ಎಂದು ಎಲ್ಲರೂ ಬಗ್ಗಿ ನೋಡಿದರು. ಚಿನ್ನರಾಜನ ಎದೆ ಅಂಗಿಯ ಗುಂಡಿಗೆ ಕಷ್ಟ ಕೊಡತೊಡಗಿತು.

"ಸರಿ ಸಾರ್" ಅಂದರು ಕೃಷ್ಣಪ್ರಸಾದ್. "ಸ್ಟಾರ್ಟ್ ಮಾಡಿ."

ಕೀ ಅವನ ಕೈಯಲ್ಲೇ ಇತ್ತು. ಬಲೆ ಬಾಗಿಲಿನ ಆಚೆ, ಎದುರು ಮನೆಯ ಹೊಸ್ತಿಲಲ್ಲಿ ಮೇನಕಾ ನಿಂತಿದ್ದಳು. ಜ್ವರದ ಹುಳಕ್ಕೆ ಉದುರಿಸುವ ಸುಣ್ಣದ ಪುಡಿಯ ಬಟ್ಟಲು ಹಿಡಿದು, ಈ ಕಡೆ ನೋಡದೆ, ನೋಡುವ ಅಗತ್ಯವೇ ಇಲ್ಲದವಳಂತೆ. ತಡೆಯಲೂ ಬರಲಿಲ್ಲ. ಒಂದು ಸಲ ಕೀ ತಿರುಗಿಸಿದರೆ ಸಾಕು, ಏರ್ಕಾಡಿನ ತನಕ ಅವನನ್ನು ಯಾರೂ ಡ್ರೈವರ್ ಅನ್ನುವಂತಿಲ್ಲ.

"ಆಗಲ್ಲ ಸಾರ್" ಅಂದ ಚಿನ್ನರಾಜ.

"ಏನ್ ಪ್ರಾಬ್ಲಂ? ಬ್ಯಾಟರಿ?"

"ಬ್ಯಾಟ್ರಿ ಜೋರಾಗೈತೆ. ಎದುರುಮನೇಲಿ ಉಳ ಜ್ವರಕ್ಕೆ ಕೂತವೆ. ಇಲ್ಲಿ ಎಂಜಿನ್ ಎಬ್ಬಿಸಂಗಿಲ್ಲ."

"ಹುಳಕ್ಕೆ ಜ್ವರಾನಾ" ಎಂದು ಕೃಷ್ಣಪ್ರಸಾದರು ನಕ್ಕರು. "ನಮ್ಮ ಡಾಕ್ಟರಮ್ಮ ಇದ್ದಾರೆ, ಒಂದು ಇಂಜೆಕ್ಷನ್ ಹಾಕಿಸೋಣ."

ಕಪ್ಪು ಕನ್ನಡಕದವನು ಎದುರು ಮನೆಯ ಕಡೆ ಕಣ್ಣು ಹೊರಳಿಸಿ, "ಓನರಮ್ಮಾ ಪರ್ಮಿಷನ್ ತರಲೆ ಪೋಲ" ಎಂದ, ಓನರಮ್ಮ ಪರ್ಮಿಷನ್ ಕೊಟ್ಟಿಲ್ಲವೇನೋ ಎಂಬಂತೆ.

ಬೇರೆ ದಿನವಾಗಿದ್ದರೆ ಈ ಮಾತು ಚಿನ್ನರಾಜನನ್ನು ಒಂದು ವಾರ ಮಲಗಿಸುತ್ತಿತ್ತು. ಇವತ್ತು ಅವನು ನೆಟ್ಟಗೆ ನಿಂತ. "ಆಮಾ ತಂಬಿ, ಹೌದು" ಅಂದ. "ಧರ್ಮಪುರಿ ಮಾರ್ಕೆಟ್ಟಲ್ಲಿ ಓಗಿ ಕೇಳು, ಮೇನಕಾ ಯಾರು ಅಂತ. ಅವಳ ಗೂಡು ಬರೋ ತಂಕ ಬೇರೆ ಗೂಡು ಮುಟ್ಟಲ್ಲ ಜನ. ಈ ಕಪ್ಪೆ ಮಲ್ಗಿರೋದು ಅವಳು ಕೊಟ್ಟ ಮನೇಲಿ. ಅವಳ ಉಳ ಕೆಡಿಸಿ ನಿಮ್ ಸಂಗಕ್ಕೆ ಸೇರಿದ್ರೆ ನಾನು ಓನರಾಗಲ್ಲ, ಕಳ್ಳನಾಯ್ತೀನಿ."

"ರೂಲ್ ಇಸ್ ರೂಲ್ ಸಾರ್. ಕೂಗು ಕೇಳದೆ ಮೆಂಬರ್ ಮಾಡೋಕಾಗಲ್ಲ" ಅಂದರು ಕೃಷ್ಣಪ್ರಸಾದ್, ಈಗ ನಗದೆ.

"ಹಂಗಾದ್ರೆ ಬ್ಯಾಡ ಬುಡಿ. ಪಣಿಯಾರ ಬಿಸಿ ಐತೆ, ತಿಂದ್ಕಂಡು ಓಗಿ." ಕೀಯನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡ.

ಆಗ ಬಲೆ ಬಾಗಿಲು ಕಿರ್ರೆಂದಿತು. ಮೇನಕಾ ಒಳಗೆ ಬಂದಳು. ಕಪ್ಪೆ ಬಂದಾಗಿನಿಂದ ಅವಳು ಈ ಹೊಸ್ತಿಲು ದಾಟಿದ್ದು ಇದೇ ಮೊದಲು. ಬಂದವರನ್ನೆಲ್ಲ ತಲೆಯಿಂದ ಬರಿಗಾಲಿನ ತನಕ ಒಮ್ಮೆ ಅಳೆದಳು.

"ಕೂಗ್ಬೇಕು ಅನ್ನೋದು ರೂಲ್ಸು. ಇಲ್ಲೇ ಕೂಗ್ಬೇಕು ಅಂತೇನಾದ್ರೂ ಐತಾ" ಎಂದು ಕೇಳಿದಳು.

ಕೃಷ್ಣಪ್ರಸಾದರು ಅರ್ಚನಾಳ ಮುಖ ನೋಡಿದರು. "ಹಾಗೇನೂ ಇಲ್ಲ" ಅಂದಳು ಅರ್ಚನಾ.

"ಹಂಗಾದ್ರೆ ಟಾರ್ ರೋಡಿನ ತಂಕ ನೂಕ್ಕಂಡು ಓಗಿ. ಅತ್ತು ಜನ ಇದ್ದೀರಲ್ಲ. ಪಣಿಯಾರ ಆಮೇಲೆ ತಿನ್ನೋರಂತೆ, ಹಸಿವಾದ್ರೂ ಆಯ್ತದೆ." ಗಂಡನ ಕಡೆ ತಿರುಗಿ, "ಎಲ್ರಿಗೂ ಏಳಿ. ಉಳದ ತಟ್ಟಿ ಎತ್ತೋ ಹಂಗೆ. ಒಂದೇ ಕಿತ, ಜಗ್‌ಬಾರ್ದು" ಅಂದಳು.

ಸೇಲಂ ಜಿಲ್ಲೆಯ ವೇಗವೆಲ್ಲ ಅಂದು ಹಿಪ್ಪುನೇರಳೆ ತೋಟದಲ್ಲಿ ಹೆಜ್ಜೆ ಹೆಜ್ಜೆಯಾಗಿ ನಡೆಯಿತು. ಚಿನ್ನರಾಜ ಕಿಟಕಿ ಇಳಿಸಿ, ಕಪ್ಪೆಯನ್ನು ನ್ಯೂಟ್ರಲ್ಲಿಗೆ ಹಾಕಿ ಕೂತ. ಎಂಜಿನ್ನು ಮಲಗಿದ್ದರಿಂದ ಸ್ಟೇರಿಂಗು ಕಬ್ಬಿನ ಗಾಣದಷ್ಟು ಭಾರ. ಹಿಂದಿನ ರೆಕ್ಕೆ ಹಿಡಿಯಬೇಡಿ, ಗಟ್ಟಿ ಜಾಗದಲ್ಲಿ ಅಂಗೈ ಚಪ್ಪಟೆಯಾಗಿಡಿ, ಕೆಳಗೆ ಮೆತ್ತನೆ ಬಟ್ಟೆ ಹಾಕಿಕೊಳ್ಳಿ ಎಂದು ಹೇಳಿಕೊಟ್ಟಿದ್ದ. ಹತ್ತು ಜನ ಬರಿಗಾಲಲ್ಲಿ, ಬರಿಬೆರಳಲ್ಲಿ, ಬೆಲ್ಟಿಲ್ಲದ ಪ್ಯಾಂಟನ್ನು ಆಗಾಗ ಏರಿಸಿಕೊಳ್ಳುತ್ತಾ, ಉಸಿರಿನ ಸದ್ದೂ ಹೆಚ್ಚಾಗದಂತೆ ನೂಕಿದರು. ಹುಳದ ಮನೆ ದಾಟುವಾಗ ಮೇನಕಾ ತುಟಿಯ ಮೇಲೆ ಬೆರಳಿಟ್ಟು ಪಕ್ಕದಲ್ಲೇ ನಡೆದಳು. ಒಮ್ಮೆ ಆಕ್ಸಿಲರೇಟರ್ ಒತ್ತಿ ನಾಲ್ಕು ಸೆಕೆಂಡಿನಲ್ಲಿ ದಾಟಿಬಿಡಬಹುದಾದ ದೂರವನ್ನು ಎರಡು ಸಲ ಕೂತು ಸುಧಾರಿಸಿಕೊಂಡು ದಾಟಿದರು.

ತೋಟದ ನೀರಿನ ಕಾಲುವೆಯ ದಿಬ್ಬದಲ್ಲಿ ಕಪ್ಪೆಯ ಹೊಟ್ಟೆ ತಾಗುವಂತಾಯಿತು. ಚಕ್ರದ ಜಾಡಿಗೆ ಹಿಪ್ಪುನೇರಳೆ ಕಡ್ಡಿಯ ಕಟ್ಟುಗಳನ್ನು ಹಾಸಿ, ಮೇಲೆ ಗೋಣಿ ಹೊದಿಸಿ ಎತ್ತರ ಮಾಡುವಷ್ಟರಲ್ಲಿ ಪಕ್ಕದ ತೋಟದ ಚಿನ್ನಪ್ಪ ಟೊಮೆಟೊ ಕ್ರೇಟು ಹೇರಿಕೊಂಡು ಮೊಪೆಡ್ಡಿನಲ್ಲಿ ಬಂದ.

"ಏನಣ್ಣ, ಪೆಟ್ರೋಲ್ ತೀರೋಯ್ತಾ" ಎಂದು ಹಲ್ಲು ಬಿಟ್ಟ.

"ಮನೇಲಿ ನಾಕ್ನೇ ಜ್ವರ" ಅಂದ ಚಿನ್ನರಾಜ.

ಚಿನ್ನಪ್ಪನ ಹಲ್ಲು ಒಳಗೆ ಹೋಯಿತು. ಮೊಪೆಡ್ಡಿನ ಎಂಜಿನ್ನು ಅಲ್ಲೇ ಆರಿಸಿ, ಸ್ಟ್ಯಾಂಡ್ ಹಾಕಿ, ಚಪ್ಪಲಿ ಬಿಟ್ಟು ಬಂದು ಕೃಷ್ಣಪ್ರಸಾದರ ಪಕ್ಕದಲ್ಲಿ ಭುಜ ಕೊಟ್ಟ. ಕಪ್ಪು ಕನ್ನಡಕದವನು ಇದನ್ನು ನೋಡಿ, ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ಇನ್ನೂ ಸ್ವಲ್ಪ ಬಗ್ಗಿ ನೂಕಿದ.

ಟಾರು ರೋಡು ಸೇರಿ, ಕೆರೆ ಏರಿಯ ಹಿಂದೆ ಹುಳದ ಮನೆ ಮರೆಯಾದ ಮೇಲೆ ಎಲ್ಲರೂ ಸುತ್ತ ನಿಂತರು. ಕೃಷ್ಣಪ್ರಸಾದರು ಮತ್ತೆ ಎಂಜಿನ್ ಮುಚ್ಚಳ ಮುಟ್ಟಿದರು. ಚಿನ್ನರಾಜ ಕೀ ತಿರುಗಿಸಿದ.

ಕಪ್ಪೆ ಒಮ್ಮೆ ಗಂಟಲು ಸರಿಮಾಡಿಕೊಂಡಿತು. ಆಮೇಲೆ ಕೂಗಿತು. ತುಂಬಿದ ಕೊಡ ಬಾವಿಯ ಗೋಡೆಗೆ ತಾಗಿದಂಥ ಆಳದ ದನಿಯಿಂದ ಶುರುವಾಗಿ, ಎಲ್ಲೂ ತೊದಲದೆ, ಎಲ್ಲೂ ಕೆಮ್ಮದೆ ಮೇಲೇರಿತು. ಕೆರೆಯ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು. ಕೃಷ್ಣಪ್ರಸಾದರು ಕಣ್ಣು ಮುಚ್ಚಿ, ಸಂಗೀತ ಕಚೇರಿ ಕೇಳುವವರಂತೆ ತಲೆ ತೂಗುತ್ತಾ, ಕೂಗು ಇಳಿದು ಗುನುಗಾಗುವ ತನಕ ಕೇಳಿದರು. ಕೆಸರಿನ ಕಾಲು, ಸೀಗೆಯ ಕತ್ತು, ಬೆವರಿನ ಅಂಗಿ. ಇಂಗ್ಲಿಷೂ ತಮಿಳೂ ಅವರಿಂದ ಇಳಿದುಹೋಗಿದ್ದವು.

"ಮಗೂನ್ ಮಡಗ್ದಂಗೆ ಮಡಗಿದ್ದೀರಪ್ಪ" ಅಂದರು. "ಇವತ್ತು ನೀವೇ ಮುಂದೆ ಹೋಗಿ. ನಾವು ಹಿಂದೆ ಬರ್ತೀವಿ."

ಎಲ್ಲರೂ ಮನೆಗೆ ಮರಳಿ ಪಣಿಯಾರ ತಿಂದು, ಅಂಜಮ್ಮನಿಂದ ಶೂ ಬೆಲ್ಟು ಬಿಡಿಸಿಕೊಂಡು ಹೊರಟರು. ಏರ್ಕಾಡಿನ ತಿರುವುಗಳಲ್ಲಿ ಅಂದು ಹಳದಿ ಬಣ್ಣವೇ ಮುಂದಿತ್ತು. ಪ್ರತಿ ತಿರುವಿನಲ್ಲೂ ಕನ್ನಡಿಯಲ್ಲಿ ಕೆಂಪು, ನೀಲಿ, ಬೂದಿ ಬಣ್ಣದ ಮೂತಿಗಳು ಸಾಲಾಗಿ ಬರುವುದನ್ನು ನೋಡುತ್ತಾ ಚಿನ್ನರಾಜ ಒಬ್ಬನೇ ಮುಗುಳ್ನಗುತ್ತಿದ್ದ.

ಇಳಿಹೊತ್ತಿಗೆ ಊರಿನ ತಿರುವಿಗೆ ಬಂದು ಎಂಜಿನ್ನು ಆರಿಸಿದಾಗ ಹೊಸ ಸಮಸ್ಯೆ. ನೂಕಿದವರೆಲ್ಲ ಸೇಲಂ ಸೇರಿದ್ದಾರೆ, ಹುಳ ಇನ್ನೂ ಎದ್ದಿಲ್ಲ. ಫೋನು ಮಾಡಬೇಕೆಂದು ಕೈ ಹಾಕುವಷ್ಟರಲ್ಲಿ ತೋಟದ ದಾರಿಯಲ್ಲಿ ಮೇನಕಾ ಬಂದಳು, ಹಿಂದೆ ಸೊಪ್ಪು ಕೊಯ್ಯುವ ಹೆಂಗಸರು, ಅವರ ಹಿಂದೆ ಚಿನ್ನಪ್ಪ. ಎಲ್ಲರೂ ಬರಿಗಾಲು.

"ಎಲ್ಲಾ ಒಂದೇ ಸಮ ಕೂತವೆ" ಅಂದಳು ಅವಳು. "ನಾಳೆ ಒಂದೇ ಸಮ ಏಳ್ತವೆ. ಈ ಸಲ ಗೂಡು ನೋಡ್ತಿರಿ." ಕಾರಿನ ಬಾಗಿಲ ಹತ್ತಿರ ಬಂದು ನಿಂತಳು. "ಇಳೀರಿ."

"ಯಾಕೆ?"

"ನಾನು ಸ್ಟೇರಿಂಗ್ ಇಡ್ಕೋತೀನಿ. ನೀವು ನೂಕಿ."

ಚಿನ್ನರಾಜ ಇಳಿದ. ಮೇನಕಾ ಸೀರೆ ಒತ್ತಿ ಹಿಡಿದು, ಬಗ್ಗಿ, ನೆಲಕ್ಕೆ ಕೂರುವಂತೆ ಆ ತಗ್ಗು ಸೀಟಿನಲ್ಲಿ ಕೂತಳು. ಸುಣ್ಣದ ಕೈ ಸ್ಟೇರಿಂಗಿನ ಮೇಲೆ ಬಿಳಿಯ ಗುರುತು ಮೂಡಿಸಿತು. ಅದನ್ನು ಒರೆಸಬೇಕೆಂದು ಅವನಿಗೆ ಅನ್ನಿಸಲಿಲ್ಲ. ಹಿಂದೆ ಹೋಗಿ, ಹೆಂಗಸರ ನಡುವೆ ಜಾಗ ಮಾಡಿಕೊಂಡು, ಇನ್ನೂ ಬಿಸಿಯಿದ್ದ ಹಳದಿಯ ಮೇಲೆ ಅಂಗೈ ಊರಿದ. ಹಿಂದಿನ ಸಣ್ಣ ಕಿಟಕಿಯಲ್ಲಿ ಹೆಂಡತಿಯ ತುರುಬು ನೆಟ್ಟಗೆ ಕಾಣುತ್ತಿತ್ತು.

"ಮೆಲ್ಲಗೆ" ಎಂದು ಒಳಗಿನಿಂದ ಮೇನಕಾಳ ದನಿ ಬಂತು.

"ಮೆಲ್ಲಗೇನೇ" ಅಂದ ಚಿನ್ನರಾಜ, ಮತ್ತು ಎಲ್ಲರೂ ಒಂದೇ ಕಿತ ನೂಕಿದರು.